ಮೂರು ಲಿವರಿನ ಬೀಗ

ಜನವರಿ ೬

ಅಪ್ಪಾ,

ತಲುಪಿ ನಾಲ್ಕು ದಿನವಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಆದರೆ ಕಿಟಕಿ ಮುಚ್ಚಲಿಲ್ಲ. ನೀನು ಜೊತೆಗಿದ್ದಿದ್ದರೆ ಸ್ಕ್ರೂಡ್ರೈವರ್ ತೆಗೆದು ಇಡೀ ಬಸ್ಸನ್ನೇ ಬಿಚ್ಚುತ್ತಿದ್ದೆ.

ಹೋದ ಕೂಡಲೇ ಫೋನ್ ಮಾಡು ಎಂದು ಅತ್ತೆ ಹೇಳಿ ಕಳಿಸಿದ್ದಳು. ಆದರೆ ಫೋನಿನಲ್ಲಿ ನೀನೂ ನಾನೂ ‘ಊಟ ಆಯ್ತಾ’, ‘ಆಯ್ತು’ ದಾಟಿ ಮುಂದೆ ಹೋದದ್ದುಂಟೇ? ಮಾತ್ರೆಯ ಚಟ ಬಿಡಿಸಲು ನನ್ನನ್ನು ಸೇರಿಸಿದ್ದ ಕೇಂದ್ರದಲ್ಲಿ ಫೋನು ಕೊಡುತ್ತಿರಲಿಲ್ಲ, ಕಾಗದವೇ ಗತಿ. ಆಗ ನೀನು ಬರೆದ ಹನ್ನೊಂದು ಕಾಗದಗಳಲ್ಲಿ ಆಡಿದಷ್ಟು ಮಾತನ್ನು ಅದಕ್ಕೆ ಮುಂಚಿನ ಇಪ್ಪತ್ತಮೂರು ವರ್ಷದಲ್ಲಿ ಆಡಿರಲಿಲ್ಲ. ಅದಕ್ಕೇ ಮತ್ತೆ ಕಾಗದ.

ಇಲ್ಲಿ ನನ್ನ ಕತೆಯ ಸಿನಿಮಾಕ್ಕೆಂದು ಒಂದು ದೊಡ್ಡ ಗೋದಾಮಿನೊಳಗೆ ನಮ್ಮ ಮನೆಯನ್ನು ಕಟ್ಟಿದ್ದಾರೆ. ಮೇಲೆ ಸೂರಿಲ್ಲ, ದೀಪಗಳಿವೆ. ಅಡುಗೆಮನೆಯ ಗೋಡೆಗೆ ಚಕ್ರ ಇದೆ, ಕ್ಯಾಮೆರಾ ಬಂದಾಗ ತಳ್ಳಿಬಿಡುತ್ತಾರೆ. ನಿನ್ನ ಬೀಗದ ಅಂಗಡಿಯೂ ಇದೆ, ಆದರೆ ಎಷ್ಟು ಚೊಕ್ಕಟ ಎಂದರೆ ನೀನು ಒಳಗೆ ಕಾಲಿಡಲು ಹೆದರುತ್ತೀಯ. ನನ್ನ ಪಾತ್ರ ಮಾಡುವ ಹುಡುಗಿ ನನಗಿಂತ ಚೆಂದ ಇದ್ದಾಳೆ. ನಾನು ಈ ಬಗ್ಗೆ ದೂರು ಕೊಟ್ಟಿಲ್ಲ. ನಿನ್ನ ಪಾತ್ರದವರ ಗಂಟಲು ಮಾತ್ರ ಗುಡುಗು. “ನಮ್ಮಪ್ಪ ಕೂಗಾಡೋದೇ ಇಲ್ಲ” ಎಂದೆ. “ಹಾಗಾದ್ರೆ ಸಿಟ್ಟು ಬಂದ್ರೆ ಏನ್ಮಾಡ್ತಾರೆ?” ಎಂದು ಕೇಳಿದರು. “ಅರ ತಗೊಂಡು ಯಾವುದಾದ್ರೂ ಕೀಲಿ ಉಜ್ತಾರೆ” ಎಂದೆ. ಪಾಪ, ಎರಡು ದಿನದಿಂದ ಕೂತು ಉಜ್ಜುತ್ತಿದ್ದಾರೆ.

ನಿರ್ದೇಶಕಿ ದಿನಾ ಬೆಳಿಗ್ಗೆ “ಇವತ್ತು ಹೇಗಿದ್ದೀಯಾ?” ಎಂದು ಕೇಳಿ, ನಾನು ಉತ್ತರ ಕೊಡುವವರೆಗೂ ಕಾಯುತ್ತಾಳೆ. ಹಾಗೆ ಕಾಯುವವರು ಕಡಿಮೆ. ಚೆನ್ನಾಗಿದ್ದೇನೆ, ಅಪ್ಪ.

ಈಗ ಕೆಲಸದ ಮಾತು. ನೀನು ನನ್ನ ಕೋಣೆಗೆ ಬೀಗ ಹಾಕಿದ ಆ ಐದು ದಿನದ ದೃಶ್ಯಕ್ಕೆ ಇವರು ಬಾಗಿಲ ಹೊರಗೆ ಮಗುವಿನ ತಲೆಯಷ್ಟು ದೊಡ್ಡ ನೇತುಬೀಗ ತಂದು ತೂಗುಹಾಕಿದ್ದಾರೆ. ಇದು ನಡೆಯುವುದಿಲ್ಲ ಎಂದುಬಿಟ್ಟೆ. ನನಗೆ ಆ ಬೀಗವೇ ಬೇಕು. ಬಾಗಿಲಿನೊಳಗೆ ಕೂರಿಸುವ, ಎರಡೂ ಕಡೆ ಕೀಲಿ ತೂತಿರುವ, ಒಳಗಿನ ಮೂರು ಲಿವರನ್ನೂ ಎತ್ತಿದರೆ ಮಾತ್ರ ತೆರೆಯುವ ಹಳೆಯ ಹಿತ್ತಾಳೆ ಬೀಗ. ಒಂಬತ್ತನೇ ವಯಸ್ಸಿನಲ್ಲಿ ನಾನು ಕೆಲಸ ಕಲಿತದ್ದು ಅದರ ಮೇಲೆ. ಕಳಿಸುತ್ತೀಯಾ? ಆ ದೃಶ್ಯದಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಇದೆ. ಬೀಗ ಬಂದ ಮೇಲೆ ಎಲ್ಲರ ಮುಂದೆ ಹೇಳುತ್ತೇನೆ.

ನಿನ್ನ
ತಂತಿ


ಜನವರಿ ೧೫

ತಂತಿ,

ಕಾಗದ ಸಿಕ್ಕಿತು. ಮೊಣಕಾಲು ಬಿಟ್ಟರೆ ನಾನು ಸರಿ ಇದ್ದೇನೆ. ನಾನು ಮಾಡುವ ಅಡುಗೆ ಬಿಟ್ಟರೆ ನಿನ್ನ ಅತ್ತೆಯೂ ಸರಿ ಇದ್ದಾಳೆ. ನರ್ಸ್ ಕೆಲಸದಿಂದ ನಿವೃತ್ತಿಯಾದರೂ ಅಕ್ಕ ವಾರ್ಡು ಬಿಟ್ಟಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ನನ್ನ ನಾಡಿ ಹಿಡಿಯುತ್ತಾಳೆ, ಬದುಕಿದ್ದೇನೆ ಎಂದು ಖಾತ್ರಿಯಾದ ಮೇಲೆಯೇ ಕಾಫಿ.

ಮೊನ್ನೆ ಒಬ್ಬ ಮೇಷ್ಟ್ರು ಬಂದಿದ್ದರು. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಎಳೆದುಕೊಂಡಿದ್ದಾರೆ. “ಕೀಲಿ ಎಲ್ಲಿದೆ ಅಂತ ಸರಿಯಾಗಿ ಗೊತ್ತಿರೋ ಗಿರಾಕಿ ನೀವೊಬ್ಬರೇ ಸಾರ್” ಎಂದೆ. ಅವರು ನಗಲಿಲ್ಲ.

ಆ ಬೀಗ ಈಗ ಇಲ್ಲ. ಹಳೆ ಹಿತ್ತಾಳೆಯ ಜೊತೆ ಗುಜರಿಗೆ ಹಾಕಿದೆ. ನೇತುಬೀಗವೇ ಸಾಕು. ನೋಡುವವರಿಗೆ ಬೀಗ ಕಂಡರಾಯಿತು, ಹಾಕಿದವನು ಯಾರು ಎಂದು ತಿಳಿದರಾಯಿತು. ನಾನು ಹಾಕಲಿಲ್ಲ ಎಂದು ಯಾವತ್ತೂ ಹೇಳಿಲ್ಲ. ಎಲ್ಲರ ಮುಂದೆ ಏನು ಹೇಳಬೇಕೋ ಹೇಳು.

ಚಳಿಗಾಳಿಗೆ ಕಿವಿ ಮುಚ್ಚಿಕೋ.

ಅಪ್ಪ


ಜನವರಿ ೨೪

ಅಪ್ಪಾ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ನಾಲ್ಕು ಸಲ ಓದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಆದರೂ ಅರ್ಥವಾಯಿತು ಎಂದುಕೊಂಡಿದ್ದೇನೆ. ನಾಳೆ ಸಿನಿಮಾ ಬಂದರೆ ಅಂಗಡಿಗೆ ಬಂದವರೆಲ್ಲ “ಮಾತ್ರೆ ನುಂಗ್ತಿದ್ದೋಳು ನಿಮ್ಮ ಮಗಳೇನಾ?” ಎಂದು ಕೇಳುತ್ತಾರೆ. ನಿನಗೆ ಮುಜುಗರ. ಅದು ತಪ್ಪಲ್ಲ. ಪಾತ್ರದ ಹೆಸರು ಬೇರೆ, ಊರು ಬೇರೆ, ನೀನು ಬೇಡ ಎಂದರೆ ಅಂಗಡಿಯನ್ನೂ ಬದಲಾಯಿಸುತ್ತಾರಂತೆ. ನಾನು ಕೇಳಿದ್ದೇನೆ.

ಈ ವಾರ ಕೇಂದ್ರದಿಂದ ಬಂದ ಮೇಲಿನ ಎಂಟು ತಿಂಗಳನ್ನು ಚಿತ್ರಿಸಿದರು. ಮಾತ್ರೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಬಿಟ್ಟ ಮೇಲೆಯೇ ನನಗೆ ಹಾಸಿಗೆಯಿಂದ ಏಳಲು ಆಗದೇ ಹೋಯಿತು, ನೆನಪಿದೆಯಲ್ಲ? ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದಷ್ಟು ಕೆಲಸ. ಒಂದು ಬೆಳಿಗ್ಗೆ ನೀನು ಹಾಸಿಗೆಯ ಮೇಲೆ ಹಳೆ ಪೇಪರ್ ಹಾಸಿ, ಡಬ್ಬ ತುಂಬ ತುಕ್ಕು ಹಿಡಿದ ಬೀಗಗಳನ್ನು ಸುರಿದೆ. “ಬಿಚ್ಚಿಡು. ಅವಸರ ಇಲ್ಲ” ಎಂದೆ, ಅಂಗಡಿಗೆ ಹೋದೆ. ಮೊದಲ ವಾರ ನಾನು ಒಂದು ಸ್ಕ್ರೂ ಬಿಚ್ಚಿದೆ. ನೀನು ಆ ಒಂದು ಸ್ಕ್ರೂವನ್ನು ದೀಪಕ್ಕೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡೆ. ಡಾಕ್ಟರು ಕೊಟ್ಟ ಔಷಧಿ ಕೆಲಸ ಮಾಡಿತು, ನಿಜ. ಆದರೆ ಔಷಧಿ ಒಳಗೆ ಹೋಗಿ ಕೆಲಸ ಶುರುಮಾಡುವವರೆಗೆ ನನ್ನನ್ನು ಹಿಡಿದುಕೊಂಡಿದ್ದು ಆ ತುಕ್ಕು. ಮುಜುಗರ ಪಡಬೇಕಾದ್ದು ಇದರಲ್ಲಿ ಏನೂ ಇಲ್ಲ, ಅಪ್ಪ. ಒಂದು ಸಲವಾದರೂ ನಿನಗೆ ಇದನ್ನು ಹೇಳಬೇಕಿತ್ತು.

ಉಳಿದಂತೆ ಇಲ್ಲಿ ಎಲ್ಲ ಸುಸೂತ್ರ. ಬೀಗ ಇಲ್ಲದಿದ್ದರೆ ಇಲ್ಲ, ಬಿಡು.

ತಂತಿ


ಫೆಬ್ರವರಿ ೨

ತಂತಿ,

ಮುಜುಗರ ನಿನ್ನ ಬಗ್ಗೆ ಅಲ್ಲ. ಅದನ್ನು ಯಾರು ಹೇಳಿದರು ನಿನಗೆ? ಅಂಗಡಿ ಬದಲಾಯಿಸುವುದು ಬೇಡ.

ಒಂದು ಕೇಳಬೇಕು. ನಿನ್ನ ಅಮ್ಮ ಹೋದ ಮೇಲೆ ಉಳಿದ ಅವಳ ನೋವಿನ ಮಾತ್ರೆಗಳನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆನಲ್ಲ, ಅದು ಸಿನಿಮಾದಲ್ಲಿ ಇದೆಯೇ? ಅವಳ ವಸ್ತು ಯಾವುದನ್ನೂ ಎಸೆಯಲು ಕೈ ಬರಲಿಲ್ಲ. ಬೀಗ ಹಾಕಿದ್ದೇನೆ, ಇನ್ನೇನು ಭಯ ಎಂದುಕೊಂಡೆ. ಮಗಳಿಗೆ ತಂತಿಯಲ್ಲಿ ಬೀಗ ತೆಗೆಯಲು ಕಲಿಸಿದವನು ನಾನು, ಅದೇ ಮನೆಯಲ್ಲಿ ಬೀಗವನ್ನು ನಂಬಿ ಕೂತವನೂ ನಾನೇ. ದೀಪದ ಬುಡದಲ್ಲೇ ಕತ್ತಲು. ಬೇರೆ ಯಾವ ಕೆಲಸದವನ ಮನೆಯಲ್ಲೂ ಇಂಥ ತಪ್ಪು ನಡೆಯುತ್ತಿರಲಿಲ್ಲ. ಆಮೇಲೆ ನಿನ್ನ ಕೋಣೆಗೂ ಬೀಗವನ್ನೇ ಹಾಕಿದೆ. ನನಗೆ ಗೊತ್ತಿರುವುದು ಅದೊಂದೇ.

ಇದ್ದರೆ ಇರಲಿ. ನಾನು ಸಿನಿಮಾ ನೋಡಲು ಬರುವುದಿಲ್ಲ, ಅಷ್ಟೇ.

ಅಪ್ಪ

(ಅದೇ ಹಾಳೆಯ ಕೆಳಗೆ, ಅತ್ತೆಯ ಕೈಬರಹದಲ್ಲಿ) ಕಾಗದ ಅಂಚೆಗೆ ಹಾಕೋ ಕೆಲಸ ನಂದು, ಅದಕ್ಕೇ ಓದಿದೆ. ಬೇಕಾದ್ರೆ ಬೈಕೊ. ನಿಮ್ಮಪ್ಪ ಗುಜರಿಗೆ ಹಾಕಿದೆ ಅಂದಿದ್ದು ಶುದ್ಧ ಸುಳ್ಳು. ಆ ಬೀಗ ಅಂಗಡಿಯ ಕೆಳಗಿನ ಡ್ರಾಯರಲ್ಲಿ ಬಟ್ಟೆ ಸುತ್ಕೊಂಡು ಕೂತಿದೆ, ತಿಂಗಳಿಗೊಂದು ಸಲ ಎಣ್ಣೆ ಬೇರೆ! ಮಗಳನ್ನ ಕೂಡಿಹಾಕಿದ ಪಾಪಿ ಅಂತ ಊರಿಗೆಲ್ಲ ತೋರಿಸೋಕೆ ನೀನು ಅದನ್ನ ಕೇಳ್ತಿದ್ದೀಯ ಅಂತ ಅವನ ಲೆಕ್ಕ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಮೂರು ವಾರದಿಂದ ಅರ ಹಿಡಿದು ಉಜ್ಜಿ ಉಜ್ಜಿ, ನನ್ನ ಟ್ರಂಕಿನ ಕೀಲಿ ಈಗ ಕಿವಿ ಕೆರೆಯೋ ಕಡ್ಡಿ ಆಗಿದೆ. ನೀನೇ ಏನಾದ್ರೂ ಮಾಡು ಮಾರಾಯ್ತಿ. ಸರಿಯಾಗಿ ನಿದ್ದೆ ಮಾಡು. – ಅತ್ತೆ


ಫೆಬ್ರವರಿ ೧೦

ಅಪ್ಪಾ,

ಅತ್ತೆಯ ಮೇಲೆ ಸಿಟ್ಟಾಗಬೇಡ. ಅವಳು ಬರೆಯದಿದ್ದರೆ ನಾವಿಬ್ಬರೂ ಹೀಗೇ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡು ಮುದುಕರಾಗುತ್ತಿದ್ದೆವು. ನೀನು ಈಗಾಗಲೇ ಆಗಿದ್ದೀಯ.

ಮೊದಲು ನನ್ನ ಸುಳ್ಳು. ಎಲ್ಲ ಸುಸೂತ್ರ ಎಂದಿದ್ದೆ. ಅಲ್ಲ. ಮಾತ್ರೆ ನುಂಗುವ ದೃಶ್ಯದ ದಿನ ಅಮ್ಮನ ಡಬ್ಬಿಯಂಥದೇ ಡಬ್ಬಿ ತಂದಿದ್ದರು. ಒಳಗಿದ್ದದ್ದು ಪೆಪ್ಪರ್‌ಮಿಂಟು, ನನಗೂ ಗೊತ್ತಿತ್ತು. ಆದರೆ ಡಬ್ಬಿ ಅಲ್ಲಾಡಿದ ಸದ್ದಿಗೆ ಬಾಯಲ್ಲಿ ನೀರೂರಿತು. ನಾಲ್ಕು ವರ್ಷವಾದ ಮೇಲೆ! ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ನಿರ್ದೇಶಕಿ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು. “ಆ ಸೀನೇ ಬೇಡ ಅಂದ್ರೆ ಬೇಡ” ಎಂದಳು. “ಸೀನ್ ಇರ್ಲಿ, ಡಬ್ಬಿಗೆ ಹತ್ತಿ ತುಂಬಿ. ಸದ್ದು ಬರಬಾರದು” ಎಂದೆ. ಹತ್ತಿ ತುಂಬಿದರು. ಕೇಂದ್ರದ ಡಾಕ್ಟರಮ್ಮನಿಗೆ ಅವತ್ತೇ ಫೋನ್ ಮಾಡಿ ಎಲ್ಲ ಹೇಳಿದೆ. ಈಗ ನಿಜವಾಗಿಯೂ ಸರಿ ಇದ್ದೇನೆ.

ಬೀರು ಸಿನಿಮಾದಲ್ಲಿ ಇದೆ. ಅದರ ಬೀಗ ತೆಗೆದದ್ದು ನನ್ನ ಕೈ. ಕಲಿಸಿದವರ ತಪ್ಪು ಅದು ಎನ್ನುವುದಾದರೆ ಈಜು ಕಲಿಸಿದವರನ್ನೆಲ್ಲ ಜೈಲಿಗೆ ಹಾಕಬೇಕಾಗುತ್ತದೆ. ಆ ಭಾರ ನಿನ್ನದಲ್ಲ, ಕೆಳಗಿಡು.

ಈಗ ಆ ಸಂಗತಿ. ಎಲ್ಲರಿಗಿಂತ ಮೊದಲು ನಿನಗೇ ಹೇಳಬೇಕಿತ್ತು.

ಕೇಂದ್ರದಲ್ಲಿ ಹಾಸಿಗೆ ಖಾಲಿಯಾಗಲು ಐದು ದಿನ, ಅಲ್ಲಿಯವರೆಗೆ ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ. ಮೂರನೇ ದಿನ ಮಧ್ಯಾಹ್ನ. ಅತ್ತೆ ಔಷಧಿ ಕೊಟ್ಟು ಆಗಷ್ಟೇ ಹೋಗಿದ್ದಳು. ಮೈಮೇಲೆಲ್ಲ ಇರುವೆ ಹರಿದ ಹಾಗೆ. ಮೂರು ಬೀದಿ ಆಚೆ ಔಷಧಿ ಅಂಗಡಿ ಇದೆ ಎನ್ನುವುದು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಕಿಟಕಿ ಪರದೆಯ ತಂತಿ ಕಿತ್ತು, ಎರಡು ತುಂಡು ಮಾಡಿ ಬಗ್ಗಿಸಿದೆ. ಅಪ್ಪ, ನಾನು ಆ ಬೀಗ ತೆಗೆದೆ. ನನ್ನನ್ನು ಯಾವ ಬೀಗದ ಮೇಲೆ ಕೂರಿಸಿ ಕೆಲಸ ಕಲಿಸಿದ್ದೆಯೋ ಅದನ್ನೇ ಗಾಬರಿಯಲ್ಲಿ ಆ ಬಾಗಿಲಿಗೆ ಹಾಕಿಬಿಟ್ಟಿದ್ದೆ ನೀನು. ಒಂದು ನಿಮಿಷವೂ ಹಿಡಿಯಲಿಲ್ಲ.

ಬಾಗಿಲು ಒಂದು ಗೇಣು ತೆರೆದು ನೋಡಿದೆ. ನೀನು ಎದುರಿಗೇ ಸ್ಟೂಲಿನ ಮೇಲೆ, ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ನನ್ನ ಕ್ಯಾನ್ವಾಸ್ ಬೂಟುಗಳು ನಿನ್ನ ತೊಡೆಯ ಮೇಲಿದ್ದವು. ಓಡಿಹೋಗದಿರಲಿ ಎಂದು ಬಚ್ಚಿಟ್ಟುಕೊಂಡು ಕೂತಿದ್ದೀಯ ಎಂದುಕೊಂಡೆ. ಮನೆಯೊಳಗೆ ಎಂದೂ ಚಪ್ಪಲಿ ಮೆಟ್ಟದವನು ಅವತ್ತು ಮೆಟ್ಟಿಕೊಂಡೇ ಕೂತಿದ್ದೆ, ಬಿಡಲು ಮರೆತಿದ್ದೆಯೇನೋ. ಅಂಗಿಯ ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿದ್ದವು. ಲಿವರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುವವನು ನೀನು. ಆ ಗುಂಡಿಗಳನ್ನು ನೋಡುತ್ತ ನಿಂತೆ. ನಿನ್ನನ್ನು ದಾಟಿ ಹೋಗಲು ಆಗಲಿಲ್ಲ.

ಬಾಗಿಲು ಮುಚ್ಚಿದೆ. ಆದರೆ ಬರೀ ಮುಚ್ಚಿದರೆ ಅರ್ಧ ಗಂಟೆಗೆ ಮತ್ತೆ ತೆರೆಯುತ್ತೇನೆ ಎಂದು ನನಗೇ ಗೊತ್ತಿತ್ತು. ನೀನು ಹೇಳುತ್ತಿದ್ದೆಯಲ್ಲ, “ತೆಗೆಯೋದು ಯಾರಿಗಾದ್ರೂ ಬರುತ್ತೆ. ತೆಗೆದ ತಂತಿಯಲ್ಲೇ ತಿರುಗಿ ಹಾಕಿದ್ರೆ ಕೆಲಸಗಾರ” ಅಂತ. ಒಂಬತ್ತನೇ ವಯಸ್ಸಿನಲ್ಲಿ ಅದೊಂದು ನನಗೆ ಬಂದಿರಲಿಲ್ಲ, ಪ್ರತಿ ಸಲ ಎರಡನೇ ಲಿವರ್ ಜಾರುತ್ತಿತ್ತು. ಅವತ್ತು ಕೂತು ಹಾಕಿದೆ. ಒಳಗಿನಿಂದ ನಾನೇ ಹಾಕಿಕೊಂಡೆ.

ನೀನು ಕೂಡಿಹಾಕಿದ್ದು ಎರಡೂವರೆ ದಿನ, ಅಪ್ಪ. ಉಳಿದದ್ದು ನನ್ನದು. ಅದನ್ನು ತೋರಿಸುವುದಕ್ಕೆ ನನಗೆ ಆ ಬೀಗ ಬೇಕು. ಹೊರಗೆ ನೇತಾಡುವ ಬೀಗವನ್ನು ಒಳಗಿನಿಂದ ತೆಗೆಯಲೂ ಆಗುವುದಿಲ್ಲ, ಹಾಕಲೂ ಆಗುವುದಿಲ್ಲ. ನೀನು ತಪ್ಪಿ ಆ ಬೀಗ ಹಾಕಿದ್ದು ನನ್ನ ಪುಣ್ಯ.

ತಂತಿ


ಫೆಬ್ರವರಿ ೨೦ (ಪಾರ್ಸೆಲ್ಲಿನೊಳಗಿನ ಚೀಟಿ)

ಬೀಗ ಕಳಿಸಿದ್ದೇನೆ. ಎಣ್ಣೆ ಬಿಟ್ಟಿದ್ದೇನೆ. ಎರಡನೇ ಲಿವರ್ ಈಗಲೂ ಜಾರುತ್ತದೆ, ಹುಷಾರು. ಬೇರೆ ಮಾತು ಆಮೇಲೆ.

ಅಪ್ಪ


ಮಾರ್ಚ್ ೪

ಅಪ್ಪಾ,

ಆಯಿತು! ನಿನ್ನೆ ಚಿತ್ರಿಸಿದರು.

ನಿರ್ದೇಶಕಿಗೆ ಎಲ್ಲ ಹೇಳಿದಾಗ ಅವಳು ಹತ್ತು ಪುಟ ಹರಿದು ಎಸೆದಳು. ಬರೆದಿಟ್ಟಿದ್ದರಲ್ಲಿ ಹುಡುಗಿ ಬಾಗಿಲು ಬಡಿದು ಬಡಿದು ಅಳುತ್ತಾಳೆ, ಐದನೇ ದಿನ ಅಪ್ಪ ತೆಗೆದು ತಬ್ಬಿಕೊಳ್ಳುತ್ತಾನೆ. “ನಮ್ಮಪ್ಪ ತಬ್ಕೊಳೋದಾ? ನಗ್ತಾರೆ ಜನ” ಎಂದೆ.

ಹುಡುಗಿಗೆ ವಾರವಿಡೀ ಕಲಿಸಿದೆ. ತೆಗೆಯಲು ಬಂತು, ತಿರುಗಿ ಹಾಕಲು ಬರಲಿಲ್ಲ. ಕೊನೆಗೆ ನನ್ನ ಕೈಯನ್ನೇ ಕ್ಲೋಸಪ್ಪಿನಲ್ಲಿ ತೆಗೆದರು. ಮುಖ ಅವಳದು, ಕೈ ನನ್ನದು. ಧ್ವನಿ ಹಿಡಿಯುವವರು ಮೈಕನ್ನು ಬೀಗದ ಹತ್ತಿರ ತಂದು ಎಲ್ಲರನ್ನೂ ಉಸಿರು ಬಿಗಿಹಿಡಿಯಲು ಹೇಳಿದರು. ಲಿವರ್ ಎರಡು ಸಲ ಜಾರಿತು. ಕ್ಯಾಮೆರಾ ನಿಲ್ಲಿಸಲಿಲ್ಲ. ಮೂರನೇ ಸಲಕ್ಕೆ ಕೂತಿತು.

ನಿನ್ನ ಪಾತ್ರದವರು ಬಾಯಿ ತೆರೆದು, ಗೊರಕೆ ಹೊಡೆದು ಅದ್ಭುತವಾಗಿ ಮಲಗಿದರು. ಬರಿಗಾಲಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಎಂದು ಚಪ್ಪಲಿ ತೆಗೆಸಿದರು. ನಾನೂ ಹ್ಞೂಂ ಎಂದೆ.

ಮೇ ಹನ್ನೊಂದಕ್ಕೆ, ಬೆಳಿಗ್ಗೆ ಹತ್ತಕ್ಕೆ, ಕೆಲಸ ಮಾಡಿದವರಿಗೂ ಮನೆಯವರಿಗೂ ಮೊದಲು ತೋರಿಸುತ್ತಾರೆ. ನಿನಗೂ ಅತ್ತೆಗೂ ಎರಡು ಸೀಟು ಹಿಡಿದಿದ್ದೇನೆ. ಬಾ, ಅಪ್ಪ. ಕೊನೆಯಲ್ಲಿ ಪರದೆಯ ಮೇಲೆ ಎಲ್ಲರಿಗೂ ಕೃತಜ್ಞತೆ ಹೇಳುವಲ್ಲಿ ‘ಬೀಗ: ಅಪ್ಪನದು’ ಎಂದು ಹಾಕಿಸಿದ್ದೇನೆ.

ತಂತಿ


ಮೇ ೧೪

ತಂತಿ,

ಮನೆ ತಲುಪಿದೆವು. ನಿನ್ನ ಅತ್ತೆ ಸಿನಿಮಾದಲ್ಲಿ ತನ್ನ ಪಾತ್ರ ದಪ್ಪಗಿದ್ದಾಳೆ ಎಂದು ದಾರಿಯುದ್ದಕ್ಕೂ ಗೊಣಗಿದಳು.

ಎಲ್ಲರೂ ಚಪ್ಪಾಳೆ ಹೊಡೆಯುವಾಗ ನಾನು ಎದ್ದು ಹೊರಗೆ ಹೋಗಿ ಬಾಗಿಲಿನ ಹಿಡಿ ಅಲ್ಲಾಡಿಸುತ್ತ ನಿಂತದ್ದನ್ನು ನೀನು ನೋಡಿದೆ. ಹಿಡಿ ಸಡಿಲವಾಗಿದ್ದದ್ದು ನಿಜ, ಆದರೆ ಅದಕ್ಕಲ್ಲ. ನೀನು ಹತ್ತಿರ ಬಂದಾಗ ಮಾತನಾಡಬೇಕು ಎಂದು ಬಾಯಿ ತೆರೆದೆ. ‘ಊಟ ಆಯ್ತಾ’ ಎಂದು ಬಂತು. ಇನ್ನೂ ಮಧ್ಯಾಹ್ನ ಹನ್ನೆರಡೂ ಆಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಿನಿಮಾ ಚೆನ್ನಾಗಿದೆ. ತಪ್ಪುಗಳಿವೆ, ಹೇಳುತ್ತೇನೆ. ನಿನ್ನ ಕಾಗದದಲ್ಲೂ ಕೆಲವು ಇದ್ದವು. ಫೆಬ್ರವರಿಯಲ್ಲೇ ಹೇಳಬಹುದಿತ್ತು, ಧೈರ್ಯ ಬರಲಿಲ್ಲ.

ನಾನು ಗೊರಕೆ ಹೊಡೆಯುವುದಿಲ್ಲ. ಹೊಡೆಯುತ್ತೀ ಎನ್ನುತ್ತಾಳೆ ಅಕ್ಕ. ಇರಲಿ. ಅವತ್ತಂತೂ ಹೊಡೆದಿಲ್ಲ, ಏಕೆಂದರೆ ನಾನು ನಿದ್ದೆ ಮಾಡಿರಲಿಲ್ಲ.

ಬೀಗವನ್ನು ಗಾಬರಿಯಲ್ಲಿ ತಪ್ಪಿ ಹಾಕಿದ್ದೂ ಅಲ್ಲ. ಅಂಗಡಿಯಲ್ಲಿ ಏಳು ಲಿವರಿನದು ಇತ್ತು, ಈ ಊರಲ್ಲಿ ಅದನ್ನು ತಂತಿಯಲ್ಲಿ ತೆಗೆಯುವವರು ನನ್ನನ್ನೂ ಸೇರಿಸಿ ಯಾರೂ ಇಲ್ಲ. ಕೈಗೆ ತೆಗೆದುಕೊಂಡೆ, ತಿರುಗಿ ಇಟ್ಟೆ. ನಿನ್ನನ್ನು ಕೂಡಿಹಾಕಲು ನನ್ನಿಂದ ಆಗಲಿಲ್ಲ. ಬಾಗಿಲು ತೆರೆದಿಡಲು ಹೆದರಿಕೆ. ಎಷ್ಟೋ ಹೊತ್ತು ಯೋಚಿಸಿ ನೀನು ತೆಗೆಯಬಲ್ಲ ಬೀಗವನ್ನೇ ಆರಿಸಿ ಹಾಕಿದೆ. ಆಮೇಲೂ ನಾಲ್ಕು ವರ್ಷ, ಹಾಕಿದೆನಲ್ಲ ಎಂದು ಕೊರಗಿದೆ. ನೀನು ಎರಡೂವರೆ ದಿನ ಎಂದು ಬರೆದ ಮೇಲೆ ಸ್ವಲ್ಪ ಇಳಿಯಿತು.

ಬೂಟು ಬಚ್ಚಿಟ್ಟದ್ದಲ್ಲ, ಮಗಾ. ಚಳಿಗಾಲ. ನೀನು ಹೋಗಿಯೇ ಹೋಗುವುದಾದರೆ ಬರಿಗಾಲಲ್ಲಿ ಹೋಗಬಾರದು ಎಂದು ಹೊಸ ಲೇಸು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡಿದ್ದದ್ದು, ನನ್ನ ಮುಖ ನೋಡಬೇಕಾಗಿ ಬಂದರೆ ನಿನಗೆ ಬೂಟು ಎತ್ತಿಕೊಳ್ಳಲು ಕಷ್ಟವಾದೀತು ಎಂದು.

ಬೀಗದವನ ಕಿವಿಗೆ ಲಿವರ್ ಏಳುವುದು ಕೇಳದೆ ಇರುತ್ತದೆಯೇ? ಒಂದು, ಎರಡು, ಮೂರು, ಮೂರೂ ಕೇಳಿದವು. ಬಾಗಿಲು ತೆರೆದದ್ದು ಕೇಳಿತು. ನಿನ್ನ ಉಸಿರು ಕೇಳಿತು. ಎದೆ ಹೊಡೆದುಕೊಳ್ಳುವುದು ನಿನಗೆಲ್ಲಿ ಕಾಣುತ್ತದೋ ಎಂದು ಬೂಟು ಒತ್ತಿ ಹಿಡಿದೆ. ಆಮೇಲೆ ಬಾಗಿಲು ಮುಚ್ಚಿತು. ಸರಿ, ಮುಚ್ಚಿದಳು, ಮತ್ತೆ ತೆರೆಯುತ್ತಾಳೆ ಎಂದುಕೊಂಡೆ. ಆಗ ಒಳಗಿನಿಂದ ತಂತಿ ಆಡುವ ಸದ್ದು. ತೆರೆದ ಬೀಗಕ್ಕೆ ತಂತಿ ಏಕೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಎರಡನೇ ಲಿವರ್ ಜಾರಿತು. ಮತ್ತೆ ಜಾರಿತು. ನಿನ್ನ ಅಮ್ಮನ ಹೆಸರು ಹೇಳಿಕೊಂಡು ಕೂತೆ. ಮೂರನೇ ಸಲಕ್ಕೆ ಬೀಗದ ನಾಲಿಗೆ ಹೊರಬಂದು ಚೌಕಟ್ಟಿಗೆ ಕೂತಿತು. ನಲವತ್ತು ವರ್ಷದಲ್ಲಿ ಎಷ್ಟು ಬೀಗಗಳ ಸದ್ದು ಕೇಳಿದ್ದೇನೋ, ಅಂಥದ್ದು ಇನ್ನೊಂದಿಲ್ಲ. ಸಿನಿಮಾ ಮಂದಿರದಲ್ಲಿ ಅದೇ ಸದ್ದು ಅಷ್ಟು ದೊಡ್ಡದಾಗಿ ಕೇಳಿದಾಗ ಅಕ್ಕ ನನ್ನ ನಾಡಿ ಹಿಡಿದಳು. ಆ ಮೂರನೇ ದಿನ ಸಂಜೆ ನಿನ್ನ ಕಿಟಕಿಯ ಪರದೆ ಜೋತುಬಿದ್ದದ್ದು ನೋಡಿ ದಾರದಲ್ಲಿ ಕಟ್ಟಿದವನೂ ನಾನೇ.

ನೀನು ಕಾಗದ ಕಾಗದದಲ್ಲೂ ನನಗೆ ಕೃತಜ್ಞತೆ ಹೇಳುತ್ತೀಯ. ತಿರುಗಿ ಹೇಳಲು ನನಗೆ ನಾಲಿಗೆ ಇಲ್ಲ, ಅದಕ್ಕೆ ಇಲ್ಲಿ ಬರೆದಿಡುತ್ತೇನೆ. ಆ ಬೀಗ ಹಾಕಿಕೊಂಡದ್ದಕ್ಕೆ ನಿನಗೆ ನಾನು ಋಣಿ. ಬರುವಾಗ ಅದನ್ನು ತಾ. ಅಂಗಡಿಯ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಡುತ್ತೇನೆ.

ಇನ್ನೊಂದು ತಪ್ಪು ಉಳಿಯಿತು. ಸಿನಿಮಾದವನು ಬರಿಗಾಲಲ್ಲಿ ಕೂತಿದ್ದಾನೆ. ನಾನು ಚಪ್ಪಲಿ ಬಿಡಲು ಮರೆತಿರಲಿಲ್ಲ. ನೀನು ಹೊರಟರೆ ತಡೆಯುವುದಿಲ್ಲ, ಹತ್ತು ಹೆಜ್ಜೆ ಹಿಂದೆ ನಾನೂ ಬರುತ್ತೇನೆ ಎಂದು ಮೂರು ದಿನದಿಂದ ಮೆಟ್ಟಿಕೊಂಡೇ ಕೂತಿದ್ದೆ. ಬೀಗ ಬಿದ್ದ ಸದ್ದು ಕೇಳಿದ ಮೇಲೆ ಕಣ್ಣು ಬಿಟ್ಟೆ. ನಿನ್ನ ಬೂಟುಗಳನ್ನು ಕೆಳಗಿಟ್ಟೆ. ಎದ್ದು ಹೋಗಿ, ಚಪ್ಪಲಿ ಕಳಚಿ ಹೊರಗೆ ಬಿಟ್ಟು ಬಂದೆ.

ಅಪ್ಪ